ಲಾರಿ ಚಾಸಿಯ ಮೇಲೆ ಕಟ್ಟಿದ ಹಳೇ ರೈಲ್ ಬಸ್ಸುಗಳ ಇತಿಹಾಸ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಸಣ್ಣಪುಟ್ಟ ರೈಲು ಮಾರ್ಗಗಳಿಗೆಲ್ಲ ಒಂದೇ ಕಷ್ಟ ಬಂತು. ಜನ ಬಸ್ಸು, ಕಾರು ಹತ್ತತೊಡಗಿದರು. ಆದರೆ ಹತ್ತು ಜನ ಹತ್ತಿದರೂ ನೂರು ಜನ ಹತ್ತಿದರೂ ಹಬೆ ಎಂಜಿನ್ನಿಗೆ ಕಲ್ಲಿದ್ದಲು ಸುರಿಯಲೇಬೇಕು, ನೀರು ತುಂಬಲೇಬೇಕು, ಡ್ರೈವರ್, ಫೈರ್‌ಮನ್, ಗಾರ್ಡ್‌ಗೆ ಸಂಬಳ ಕೊಡಲೇಬೇಕು. ಆಗ ಅಲ್ಲಿನ ವರ್ಕ್‌ಶಾಪಿನವರು ಲಾರಿಯ ಚಾಸಿ ತಂದರು. ರಬ್ಬರ್ ಟೈರು ಬಿಚ್ಚಿ ರೈಲು ಚಕ್ರ ಹಾಕಿದರು, ಮೇಲೆ ಬಸ್ಸಿನ ಮೈ ಕೂಡಿಸಿದರು, ಹಳಿಯ ಮೇಲೆ ಓಡಿಸಿದರು. ಒಬ್ಬನೇ ಡ್ರೈವರ್, ಸ್ವಲ್ಪ ಪೆಟ್ರೋಲ್. ಅಷ್ಟರಲ್ಲೇ ಆ ಮಾರ್ಗ ಇನ್ನೂ ಕೆಲವು ವರ್ಷ ಉಸಿರಾಡಿತು.

ಇಂಥ ಗಾಡಿಗಳ ಬಗ್ಗೆ ಇಂಟರ್‌ನೆಟ್‌ನಲ್ಲಿ ಚಿತ್ರಗಳು ಬೇಕಾದಷ್ಟಿವೆ, ನಂಬುವಂಥ ಮಾಹಿತಿ ಕಡಿಮೆ. ಕಾರಣ ಸರಳ. ಹಬೆ ಎಂಜಿನ್ ಅಂದರೆ ಅದಕ್ಕೊಂದು ಕಾರ್ಖಾನೆ, ಕಟ್ಟಿದವರು ಕೊಟ್ಟ ಒಂದು ಬಿಲ್ಡರ್ ನಂಬರ್, ಒಂದು ತಾರೀಕು ಇರುತ್ತದೆ. ಈ ಗಾಡಿಗಳು ಹಾಗಲ್ಲ. ತಲೆಮಾರಿಗೊಂದು ಕೋಣೆ ಕೂಡಿಸಿಕೊಂಡ ಹಳೇ ಮನೆಯ ಹಾಗೆ ಅವು ಬೆಳೆದವು. ಎಂಜಿನ್ ಬದಲಾಯಿತು, ಮೈ ಬದಲಾಯಿತು, ಚಕ್ರ ಬದಲಾಯಿತು, ಬಾಗಿಲ ಮೇಲಿನ ನಂಬರ್ ಮಾತ್ರ ಹಾಗೇ ಉಳಿಯಿತು. ಹಾಗಾಗಿ "5ನೇ ನಂಬರ್ ಗಾಡಿ ಹೇಗಿತ್ತು?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "1935ರಲ್ಲಿ 5ನೇ ನಂಬರ್ ಗಾಡಿ ಹೇಗಿತ್ತು?" ಎಂದು ಕೇಳಬೇಕು. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಒಂದು ಮಾರ್ಗ, ಒಂದು ಗಾಡಿ ಆರಿಸಿಕೊಳ್ಳಿ

"ಜಗತ್ತಿನ ರೈಲ್ ಬಸ್ಸುಗಳು" ಎಂದು ಶುರು ಮಾಡಿದರೆ ಎಲ್ಲೂ ಮುಟ್ಟುವುದಿಲ್ಲ. ಕಾಗದಪತ್ರ ಉಳಿದಿರುವ ಒಂದು ಮಾರ್ಗ ಹಿಡಿಯಿರಿ. ಹೊಸಬರಿಗೆ ನಾನು ಹೇಳುವುದು ಈ ನಾಲ್ಕರಲ್ಲಿ ಒಂದನ್ನು.

ಅಮೆರಿಕದ ಕೊಲರಾಡೊದಲ್ಲಿದ್ದ ರಿಯೊ ಗ್ರಾಂಡೆ ಸದರ್ನ್ ರೈಲ್ವೆ. ಮೂರು ಅಡಿ ಅಗಲದ ನ್ಯಾರೋಗೇಜ್, ರಿಡ್ಜ್‌ವೇಯಿಂದ ಡುರಾಂಗೊವರೆಗೆ ಸುಮಾರು 260 ಕಿ.ಮೀ. ನಡುವೆ ಲಿಜರ್ಡ್ ಹೆಡ್ ಎಂಬ ಘಾಟಿ, 10,000 ಅಡಿಗೂ ಎತ್ತರ. 1929ರಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂದು ರಿಸೀವರ್, ಅಂದರೆ ಕೋರ್ಟ್ ನೇಮಿಸಿದ ಆಡಳಿತಗಾರ, ವಿಕ್ಟರ್ ಮಿಲ್ಲರ್ ಕೈಗೆ ಹೋಯಿತು. ಅಂಚೆ ಸಾಗಿಸುವ ಗುತ್ತಿಗೆ ದೊಡ್ಡ ಆಸರೆ, ಅದನ್ನು ಬಿಡುವಂತಿರಲಿಲ್ಲ. ಮೆಕ್ಯಾನಿಕ್ ಜ್ಯಾಕ್ ಓಡೆನ್‌ಬಾ 1931ರಲ್ಲಿ ರಿಡ್ಜ್‌ವೇ ವರ್ಕ್‌ಶಾಪಿನಲ್ಲಿ ಬ್ಯೂಯಿಕ್ ಕಾರಿನಿಂದ ಮೊದಲ ಗಾಡಿ ಕಟ್ಟಿದ. ಆಮೇಲೆ ಪಿಯರ್ಸ್-ಆರೋ ಕಾರುಗಳಿಂದ ಇನ್ನೂ ದೊಡ್ಡವು ಬಂದವು. ಜನ ಇವನ್ನು "ಗ್ಯಾಲಪಿಂಗ್ ಗೂಸ್", ಅಂದರೆ ನಾಗಾಲೋಟದ ಹೆಬ್ಬಾತು, ಎಂದು ಕರೆದರು. ಇವು ಹುಟ್ಟಿದ್ದು ದೊಡ್ಡ ಕಾರುಗಳಿಂದ, ಲಾರಿಯ ಭಾಗಗಳು ಸೇರಿದ್ದು ಆಮೇಲೆ. ಆದರೂ ಇವುಗಳ ಬಗ್ಗೆ ಉಳಿದಿರುವಷ್ಟು ದಾಖಲೆ ಬೇರೆಯವುಗಳಿಗಿಲ್ಲ. ಅದಕ್ಕೇ ಕಲಿಯಲು ಇದೇ ಒಳ್ಳೆಯದು.

ಪಕ್ಕಾ ಲಾರಿ ಚಾಸಿಯೇ ಬೇಕೆಂದರೆ ಇಂಗ್ಲೆಂಡಿನ ಕರ್ನಲ್ ಹೋಲ್ಮನ್ ಸ್ಟೀಫನ್ಸ್ ನಡೆಸುತ್ತಿದ್ದ ಸಣ್ಣ ಮಾರ್ಗಗಳಿವೆ. 1923ರ ಸುಮಾರಿಗೆ ಕೆಂಟ್ ಅಂಡ್ ಈಸ್ಟ್ ಸಸೆಕ್ಸ್ ಮಾರ್ಗದಲ್ಲಿ ಆತ ಫೋರ್ಡ್ ಒಂದು ಟನ್ ಲಾರಿ ಚಾಸಿಯ ಗಾಡಿಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಓಡಿಸಿದ. ಯಾಕೆ ಹಾಗೆ ಅಂತೀರಾ? ಫೋರ್ಡ್ ಹಿಮ್ಮುಖವಾಗಿ ದೂರ ಓಡುವ ಗಾಡಿ ಅಲ್ಲ. ಹಾಗಾಗಿ ಯಾವ ಕಡೆ ಹೋಗಬೇಕೋ ಆ ಕಡೆ ಮುಖವಿರುವ ಗಾಡಿಯ ಎಂಜಿನ್ ಓಡುತ್ತಿತ್ತು. ಆಮೇಲೆ ಶೆಫ್ಲೆಕ್ಸ್ ಲಾರಿ ಚಾಸಿಯ ಜೋಡಿಗಳೂ ಬಂದವು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1919ರಲ್ಲಿ ಮೋರ್ಲ್ಯಾಂಡ್ ಲಾರಿಯೊಂದನ್ನು 1ನೇ ನಂಬರ್ ರೈಲ್ ಮೋಟಾರ್ ಆಗಿ ಬದಲಾಯಿಸಿದರು. ನ್ಯೂಜಿಲೆಂಡ್ ರೈಲ್ವೆಯವರು 1925ರ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ ಆಧಾರದ ಎರಡು ಪುಟ್ಟ ಗಾಡಿ ಕಟ್ಟಿದರು. ಇವೆರಡೂ ಮನೆಯಲ್ಲೇ ಕೂತು ಹುಡುಕಲು ತುಂಬಾ ಅನುಕೂಲ. ಯಾಕೆಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಹುಡುಕುವ ಪದಗಳ ಪಟ್ಟಿ ಮಾಡಿ

ಇಲ್ಲಿ ಎಡವುವವರೇ ಜಾಸ್ತಿ. "ಗ್ಯಾಲಪಿಂಗ್ ಗೂಸ್" ಎಂದು ಹುಡುಕಿದರೆ ಪ್ರವಾಸಿ ಪುಟಗಳೇ ಬರುತ್ತವೆ. ಕಂಪನಿಯ ಕಡತದಲ್ಲಿ ಅದು ಬರೀ "ಮೋಟಾರ್ ನಂಬರ್ 5". ಕಂಪನಿಯೇ ಗೂಸ್ ಹೆಸರನ್ನು ಒಪ್ಪಿಕೊಂಡು ಗಾಡಿಯ ಮೈ ಮೇಲೆ ಬರೆಸಿದ್ದು 1950ರ ಸುಮಾರಿಗೆ, ಪ್ರವಾಸಿಗರನ್ನು ಕರೆದೊಯ್ಯಲು ಶುರು ಮಾಡಿದಾಗ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಗೂಸ್ ಹುಡುಕಿದರೆ ಸಿಗುವುದೆಲ್ಲಿಂದ?

ಹಾಗಾಗಿ ಮೂರು ಸಾಲು ಬರೆದಿಟ್ಟುಕೊಳ್ಳಿ. ಮೊದಲ ಸಾಲಿಗೆ ಕಂಪನಿ ಬಳಸಿದ ಹೆಸರು: ಮೋಟಾರ್, ಮೋಟಾರ್ ಕಾರ್, ರೈಲ್ ಮೋಟಾರ್. ಎರಡನೇ ಸಾಲಿಗೆ ರೈಲು ಪತ್ರಿಕೆಗಳ ಹೆಸರು: ರೈಲ್ ಕಾರ್, ರೈಲ್ ಬಸ್, ಗ್ಯಾಸೊಲಿನ್ ಕಾರ್. ಮೂರನೆಯದಕ್ಕೆ ಊರಿನವರ ಅಡ್ಡಹೆಸರು: ಅಮೆರಿಕದಲ್ಲಿ ಡೂಡಲ್‌ಬಗ್, ಆಸ್ಟ್ರೇಲಿಯಾದಲ್ಲಿ ಟಿನ್ ಹೇರ್, ಕ್ಯಾಲಿಫೋರ್ನಿಯಾ ವೆಸ್ಟರ್ನ್ ಮಾರ್ಗದಲ್ಲಿ ಸ್ಕಂಕ್. ಪ್ರತಿ ಪದಕ್ಕೂ ಊರಿನ ಹೆಸರು, ವರ್ಷ ಸೇರಿಸಿ ಹುಡುಕಿ. ದೇಶ ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ನ್ಯೂಜಿಲೆಂಡಿನಲ್ಲಿ ಇವುಗಳ ವರ್ಗದ ಗುರುತು "ಆರ್‌ಎಂ". ಈ ಎರಡು ಅಕ್ಷರ ಗೊತ್ತಿಲ್ಲದಿದ್ದರೆ ಸರಕಾರಿ ಪಟ್ಟಿಗಳು ಕಣ್ಣ ಮುಂದೆ ಇದ್ದರೂ ಕಾಣುವುದಿಲ್ಲ.

ಹಂತ 3: ಹಣದ ಜಾಡು ಹಿಡಿದು ಕಾಗದ ಹುಡುಕಿ

ದುಡ್ಡು ಎಲ್ಲಿಂದ ಬಂತೋ ಅಲ್ಲಿ ಕಾಗದ ಉಳಿದಿರುತ್ತದೆ. ರಿಯೊ ಗ್ರಾಂಡೆ ಸದರ್ನ್‌ಗೆ ದುಡ್ಡು ಬಂದದ್ದು ಅಂಚೆಯಿಂದ. ಹಾಗಾದರೆ ಅಮೆರಿಕದ ಅಂಚೆ ಇಲಾಖೆಯ ಗುತ್ತಿಗೆ ಕಡತಗಳಲ್ಲಿ ಯಾವ ದಿನ, ಯಾವ ಊರಿಗೆ, ಎಷ್ಟು ಹೊತ್ತಿಗೆ ಎಂಬ ವಿವರ ಇರಬೇಕು. ಅವನ್ನು ಅಲ್ಲಿನ ಸರಕಾರಿ ದಾಖಲೆಗಳ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಕೇಳಬಹುದು. ಕಂಪನಿ ರಿಸೀವರ್ ಕೈಯಲ್ಲಿತ್ತು ಅಂದರೆ ಆತ ಕೋರ್ಟಿಗೆ ಲೆಕ್ಕ ಒಪ್ಪಿಸಲೇಬೇಕು. ಯಾವ ಕೋರ್ಟ್ ಎಂದು ಮೊದಲು ಪತ್ತೆ ಮಾಡಿ, ಆಮೇಲೆ ಕಡತ ಕೇಳಿ. ಇದರ ಜೊತೆಗೆ ಅಮೆರಿಕದ ಪ್ರತಿ ರೈಲ್ವೆಯೂ ತಮ್ಮ ಮೇಲೆ ನಿಗಾ ಇಡುತ್ತಿದ್ದ ಸರಕಾರಿ ಸಂಸ್ಥೆ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್‌ಗೆ ವರ್ಷಕ್ಕೊಂದು ವರದಿ ಕೊಡಬೇಕಿತ್ತು. ತನ್ನ ಬಳಿ ಯಾವ್ಯಾವ ಗಾಡಿಗಳಿವೆ ಎಂಬ ಲೆಕ್ಕ ಅದರಲ್ಲಿ ಬರುತ್ತದೆ. ಗಾಡಿ ಹುಟ್ಟಿದ ವರ್ಷ, ಪಟ್ಟಿಯಿಂದ ಬಿದ್ದ ವರ್ಷ ಎರಡನ್ನೂ ಇಲ್ಲಿ ತಾಳೆ ನೋಡಬಹುದು.

ಕೊಲರಾಡೊ ವಿಷಯಕ್ಕೆ ಮೂರು ಜಾಗ ಮುಖ್ಯ. ಗೋಲ್ಡನ್ ಊರಿನ ಕೊಲರಾಡೊ ರೈಲ್‌ರೋಡ್ ಮ್ಯೂಸಿಯಂನ ಲೈಬ್ರರಿ, ಡುರಾಂಗೊದ ಫೋರ್ಟ್ ಲೂಯಿಸ್ ಕಾಲೇಜಿನ ಸೆಂಟರ್ ಆಫ್ ಸೌತ್‌ವೆಸ್ಟ್ ಸ್ಟಡೀಸ್, ಡೆನ್ವರ್ ಪಬ್ಲಿಕ್ ಲೈಬ್ರರಿ. ಗೂಸ್ 2, 6, 7 ಗೋಲ್ಡನ್‌ನಲ್ಲೇ ನಿಂತಿವೆ. ಡೆನ್ವರ್ ಕಡೆ ಇರುವ ಕನ್ನಡಿಗರು ಒಂದು ಶನಿವಾರ ಹೋಗಿ ಬಂದರೆ ಆರು ತಿಂಗಳ ಇಂಟರ್‌ನೆಟ್ ಹುಡುಕಾಟ ಉಳಿಯುತ್ತದೆ. ಹೋಗುವ ಮುಂಚೆ ಲೈಬ್ರರಿಗೆ ಇಮೇಲ್ ಕಳಿಸಿ ಸಮಯ ಕೇಳಿಕೊಳ್ಳಿ. "ಗೂಸ್ ಬಗ್ಗೆ ಎಲ್ಲಾ ಕೊಡಿ" ಅನ್ನಬೇಡಿ. "ಮೋಟಾರ್ ನಂಬರ್ 5, 1945ರಿಂದ 1948, ರಿಡ್ಜ್‌ವೇ ವರ್ಕ್‌ಶಾಪ್ ಖರ್ಚಿನ ಕಾಗದ" ಎಂದು ಕೇಳಿ. ದಾಖಲೆ ನೋಡಿಕೊಳ್ಳುವ ಆರ್ಕೈವಿಸ್ಟ್‌ಗಳು ಇಂಥ ಪ್ರಶ್ನೆಗೆ ಮನಸಾರೆ ಓಡಾಡುತ್ತಾರೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಮಾಡುವ ಕೆಲಸವೂ ಬಹಳ ಇದೆ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ, ಕೊಲರಾಡೊದ ಹಳೇ ಪತ್ರಿಕೆಗಳ ಸಂಗ್ರಹ, ಇವೆಲ್ಲ ಹಳೇ ಪತ್ರಿಕೆ ಓದಲು ಸಿಗುವ ಉಚಿತ ವೆಬ್‌ಸೈಟ್‌ಗಳು. ನ್ಯೂಜಿಲೆಂಡ್ ರೈಲ್ವೆ ಪ್ರತಿ ವರ್ಷ ಸಂಸತ್ತಿಗೆ ಒಪ್ಪಿಸಿದ ವರದಿಗಳೂ ಆನ್‌ಲೈನ್‌ನಲ್ಲಿವೆ. ಇಂಟರ್‌ನೆಟ್ ಆರ್ಕೈವ್, ಹಾತಿಟ್ರಸ್ಟ್ ಎಂಬ ಆನ್‌ಲೈನ್ ಲೈಬ್ರರಿಗಳಲ್ಲಿ "ರೈಲ್ವೆ ಏಜ್" ತರಹದ ವೃತ್ತಿಪತ್ರಿಕೆಗಳ ಹಳೇ ಸಂಪುಟಗಳು ಸಿಗುತ್ತವೆ. ಲಾರಿ ಕಂಪನಿಗಳ ಜಾಹೀರಾತು ಪುಟಗಳನ್ನು ಬಿಡಬೇಡಿ. ಚಾಸಿಯ ಅಳತೆ, ಎಷ್ಟು ಸೀಟು, ಯಾವ ಮಾರ್ಗಕ್ಕೆ ಮಾರಿದರು ಎಂಬುದು ಎಷ್ಟೋ ಸಲ ಜಾಹೀರಾತಿನಲ್ಲೇ ಇರುತ್ತದೆ.

ಪತ್ರಿಕೆ ಹುಡುಕುವಾಗ ಒಂದು ಉಪಾಯ. ಗಾಡಿ ದಿನಾ ಸರಿಯಾಗಿ ಓಡಿದರೆ ಅದು ಸುದ್ದಿ ಅಲ್ಲ. ಮೊದಲ ಓಟ, ಹಳಿ ತಪ್ಪಿದ್ದು, ಹಸುವಿಗೆ ಗುದ್ದಿದ್ದು, ಹಿಮದಲ್ಲಿ ಸಿಕ್ಕಿಬಿದ್ದದ್ದು, ವೇಳಾಪಟ್ಟಿ ಬದಲಾದದ್ದು, ಇವೇ ಸುದ್ದಿ. ಈ ಪದಗಳಿಂದ ಹುಡುಕಿ. ಕಂಪ್ಯೂಟರ್ ಓದಿದ ಹಳೇ ಅಚ್ಚಿನಲ್ಲಿ ಅಕ್ಷರಗಳು ಕೆಟ್ಟಿರುತ್ತವೆ. ಒಂದು ಪದ ಸಿಗದಿದ್ದರೆ ಆ ವಾರದ ಪತ್ರಿಕೆಯನ್ನು ಪುಟ ತಿರುವಿ ಕಣ್ಣಾರೆ ನೋಡಿ.

ಹಂತ 4: ಲಾರಿಯ ಕಡೆಯಿಂದಲೂ ಹುಡುಕಿ

ರೈಲು ಪ್ರೇಮಿಗಳು ಇದನ್ನು ಮರೆಯುತ್ತಾರೆ. ಈ ಗಾಡಿಗೆ ಎರಡು ವಂಶ. ಒಂದು ರೈಲ್ವೆಯದು, ಇನ್ನೊಂದು ಲಾರಿ ಕಂಪನಿಯದು. ರೈಲ್ವೆಯ ಕಾಗದ ಸುಟ್ಟುಹೋಗಿದ್ದರೂ ಲಾರಿ ಕಂಪನಿಯದು ಉಳಿದಿರಬಹುದು. 1920ರ ದಶಕದಲ್ಲಿ ಮ್ಯಾಕ್ ಎಂಬ ಲಾರಿ ಕಂಪನಿ ತನ್ನ "ಎಸಿ" ಮಾಡೆಲಿನ ಲಾರಿಯ ಆಧಾರದಲ್ಲಿ ರೈಲು ಗಾಡಿಗಳನ್ನು ಮಾರಿತು. ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ಮ್ಯಾಕ್ ಟ್ರಕ್ಕುಗಳ ಮ್ಯೂಸಿಯಂ ಇದೆ. ಚಾಸಿ ನಂಬರ್ ನಿಮ್ಮ ಕೈಯಲ್ಲಿದ್ದರೆ ಅಲ್ಲಿ ಕೇಳಿ. ಟ್ರಾಂ ಮತ್ತು ರೈಲು ಗಾಡಿಗಳ ಮೈ ಕಟ್ಟುತ್ತಿದ್ದ ಫಿಲಡೆಲ್ಫಿಯಾದ ಬ್ರಿಲ್ ಕಂಪನಿಯ ಚಿತ್ರಗಳು, ದಾಖಲೆಗಳು ಅದೇ ಊರಿನ ಹಿಸ್ಟಾರಿಕಲ್ ಸೊಸೈಟಿ ಆಫ್ ಪೆನ್ಸಿಲ್ವೇನಿಯಾದಲ್ಲಿವೆ. ಸ್ಟೀಫನ್ಸ್ ಗಾಡಿಗಳಿಗೆ ಟೆಂಟರ್‌ಡೆನ್ ಸ್ಟೇಷನ್ ಪಕ್ಕದ ಕರ್ನಲ್ ಸ್ಟೀಫನ್ಸ್ ಮ್ಯೂಸಿಯಂ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಎರಡನ್ನೂ ನೋಡಬೇಕು.

ಹಂತ 5: ಚಿತ್ರ ಓದುವುದನ್ನು ಕಲಿಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲಿದೆ. ಇದಕ್ಕೆ ನಿಧಾನ ಬೇಕು.

ಮೊದಲು ಅಡಿಬರಹವನ್ನು ಕೈಯಿಂದ ಮುಚ್ಚಿ. ಚಿತ್ರವನ್ನಷ್ಟೇ ನೋಡಿ. ಮುಂದಿನಿಂದ ಹಿಂದಕ್ಕೆ ಹೋಗಿ: ರೇಡಿಯೇಟರ್, ಬಾನೆಟ್, ಗಾಜು, ಬಾಗಿಲು, ಚಕ್ರ, ಹಿಂದಿನ ಪೆಟ್ಟಿಗೆ, ಬಣ್ಣ, ಬರಹ.

ಬಾನೆಟ್ ಬಹಳ ಮಾತಾಡುತ್ತದೆ. ಬಾನೆಟ್ ಮುಂದಕ್ಕೆ ಇಳಿಜಾರಾಗಿದ್ದು, ಮುಂದೆ ರೇಡಿಯೇಟರ್ ಇಲ್ಲದೆ ಎಂಜಿನ್ನಿನ ಹಿಂದೆ ಇದ್ದರೆ ಅದು ಮ್ಯಾಕ್ ಎಸಿ ಇರುವ ಸಾಧ್ಯತೆ ಹೆಚ್ಚು. ಫೋರ್ಡ್ ಮಾಡೆಲ್ ಟಿಯಲ್ಲಿ 1916ರವರೆಗೆ ಹಿತ್ತಾಳೆ ರೇಡಿಯೇಟರ್, ಆಮೇಲೆ ಕಪ್ಪು. ಫೋರ್ಡ್‌ನದೇ ಒಂದು ಟನ್ ಲಾರಿ, ಅಂದರೆ ಮಾಡೆಲ್ ಟಿಟಿ, 1917ರಲ್ಲಿ ಬಂತು. ಕಾರಿನ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 100 ಅಂಗುಲ, ಲಾರಿಯಲ್ಲಿ 124 ಅಂಗುಲ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಚಕ್ರದ ಅಳತೆ ಗೊತ್ತಿದ್ದರೆ ಸ್ಕೇಲ್ ಇಟ್ಟು ಇದನ್ನು ಲೆಕ್ಕ ಹಾಕಬಹುದು. ಆದರೆ ಎಚ್ಚರ, ವರ್ಕ್‌ಶಾಪಿನವರು ಚಾಸಿ ಕತ್ತರಿಸಿ ಉದ್ದ ಮಾಡುತ್ತಿದ್ದರು. ಅಳತೆ ಹೊಂದದಿದ್ದರೆ "ಫೋರ್ಡ್ ಅಲ್ಲ" ಎಂದು ತೀರ್ಮಾನಿಸಬೇಡಿ, ಬೆಸುಗೆ ಎಲ್ಲಿದೆ ಎಂದು ಹುಡುಕಿ.

ಈಗ ಗೂಸ್ 5ನ್ನು ನೋಡೋಣ. 1933ರಲ್ಲಿ ಕಟ್ಟಿದಾಗ ಅದಕ್ಕೆ ಪಿಯರ್ಸ್-ಆರೋ ಕಾರಿನ ಮೈ, ಕಾರಿನದೇ ಎಂಜಿನ್, ಹಿಂದೆ ಅಂಚೆ ಮತ್ತು ಸಾಮಾನಿಗೆ ದೊಡ್ಡ ಪೆಟ್ಟಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 3, 4, 5 ನಂಬರ್ ಗಾಡಿಗಳಿಗೆ ವೇಯ್ನ್ ಕಂಪನಿಯ ಬಸ್ ಮೈ ಬಂತು, ಜಿಎಂಸಿ ಲಾರಿ ಎಂಜಿನ್ ಬಂತು. 1950ರಲ್ಲಿ ಅಂಚೆ ಗುತ್ತಿಗೆ ಕೈತಪ್ಪಿತು. ಆಗ ಸಾಮಾನಿನ ಪೆಟ್ಟಿಗೆಗೆ ಕಿಟಕಿ ಕೊರೆದು ಸೀಟು ಹಾಕಿ ಪ್ರವಾಸಿಗರನ್ನು ಕೂರಿಸಿದರು. ಅಂದರೆ ಒಂದೇ ನಂಬರಿಗೆ ಮೂರು ರೂಪ. "ಗೂಸ್ 5, 1935" ಎಂಬ ಅಡಿಬರಹದ ಚಿತ್ರದಲ್ಲಿ ಚೌಕ ಮುಖದ ಬಸ್ ಮೈ ಕಂಡರೆ ಅಡಿಬರಹ ತಪ್ಪು. ಪೆಟ್ಟಿಗೆಗೆ ಕಿಟಕಿ ಸಾಲು ಇದ್ದರೆ ಅದು 1950ಕ್ಕೆ ಮುಂಚಿನದಾಗಲು ಸಾಧ್ಯವಿಲ್ಲ. ಇಷ್ಟು ಸಣ್ಣ ಪರೀಕ್ಷೆಯಿಂದಲೇ ಇಂಟರ್‌ನೆಟ್‌ನಲ್ಲಿ ಓಡಾಡುವ ಎಷ್ಟೋ ತಪ್ಪು ತಾರೀಕುಗಳನ್ನು ಹಿಡಿಯಬಹುದು.

ತಾರೀಕು ನಂಬುವಂತಿರುವ ಚಿತ್ರಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಡೆನ್ವರ್ ಲೈಬ್ರರಿಯಲ್ಲಿ ಓಟೊ ಪೆರ್ರಿ ತೆಗೆದ ಸಾವಿರಾರು ರೈಲು ಚಿತ್ರಗಳಿವೆ. ಆತ ಡೆನ್ವರ್‌ನಲ್ಲಿ ಅಂಚೆಯವನಾಗಿದ್ದ. ಚಿತ್ರ ತೆಗೆದ ಜಾಗ, ದಿನಗಳನ್ನು ಬರೆದಿಡುವ ಅಭ್ಯಾಸ ಅವನಿಗಿತ್ತು. ಅಂಥ ಒಂದು ಚಿತ್ರ ಸಿಕ್ಕರೆ, ತಾರೀಕಿಲ್ಲದ ಉಳಿದ ಚಿತ್ರಗಳನ್ನು ಅದರ ಹಿಂದೆ ಮುಂದೆ ಜೋಡಿಸಬಹುದು. ಹಿನ್ನೆಲೆಯನ್ನೂ ನೋಡಿ. ಸ್ಟೇಷನ್ ಕಟ್ಟಡ, ಪಕ್ಕದ ಎಂಜಿನ್ನಿನ ನಂಬರ್, ನಿಂತಿರುವ ಕಾರಿನ ಮಾಡೆಲ್ ಇವೆಲ್ಲ ಸಾಕ್ಷಿ. ಬರಹ ಉಲ್ಟಾ ಕಂಡರೆ ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದ್ದಾರೆ ಎಂದರ್ಥ. ಆಗ ಎಡ ಬಲದ ಬಗ್ಗೆ ಬರೆದುಕೊಂಡದ್ದೆಲ್ಲ ತಿದ್ದಬೇಕು.

ಹಂತ 6: ಗಾಡಿ ಉಳಿದಿದ್ದರೆ ಹೋಗಿ ನೋಡಿ

ಗೂಸ್‌ಗಳಲ್ಲಿ ಹೆಚ್ಚಿನವು ಉಳಿದಿವೆ. ಗೋಲ್ಡನ್‌ನ ಮೂರು ಬಿಟ್ಟರೆ 3ನೆಯದು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿದೆ. 5ನೆಯದು ಡೊಲೊರೆಸ್ ಊರಿನ ಹಿಸ್ಟಾರಿಕಲ್ ಸೊಸೈಟಿಯ ಕೈಯಲ್ಲಿ 1998ರಲ್ಲಿ ದುರಸ್ತಿಯಾಗಿ ಮತ್ತೆ ಓಡಿತು. ರಿಡ್ಜ್‌ವೇಯ ಮ್ಯೂಸಿಯಂನಲ್ಲಿರುವ 1ನೇ ನಂಬರ್ ಮೂಲ ಗಾಡಿ ಅಲ್ಲ, ಹೊಸದಾಗಿ ಕಟ್ಟಿದ ಪ್ರತಿ. ನ್ಯೂಜಿಲೆಂಡಿನ ಪ್ಲೆಸೆಂಟ್ ಪಾಯಿಂಟ್‌ನಲ್ಲಿ ಓಡುವ ಮಾಡೆಲ್ ಟಿ ಗಾಡಿಯೂ ಪ್ರತಿಯೇ. ಕಟ್ಟಿದವರ ಶ್ರಮ ದೊಡ್ಡದು, ಅವರು ಕೂಡಿಟ್ಟ ಟಿಪ್ಪಣಿಗಳು ನಿಮಗೆ ಬಂಗಾರ. ಆದರೆ ಪ್ರತಿಯ ಮೇಲೆ ಟೇಪ್ ಇಟ್ಟು ಅಳೆದದ್ದನ್ನು ಮೂಲದ ಅಳತೆ ಎಂದು ಬರೆಯಬಾರದು.

ಕೈ ಪಳಗಿಸಿಕೊಳ್ಳಲು ನಮ್ಮಲ್ಲೇ ಒಂದು ಜಾಗವಿದೆ. ಮೈಸೂರು ರೈಲು ಮ್ಯೂಸಿಯಂನಲ್ಲಿ ರಸ್ತೆಯ ಆಸ್ಟಿನ್ ಗಾಡಿಗೆ ರೈಲು ಚಕ್ರ ಕೂಡಿಸಿದ ಪುಟ್ಟ ರೈಲ್ ಮೋಟಾರ್ ಇದೆ. ಮಕ್ಕಳು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ಹೊತ್ತು ನಿಲ್ಲಿ. ಯಾವುದು ಕಾರ್ಖಾನೆಯಿಂದ ಬಂದದ್ದು, ಯಾವುದು ಆಮೇಲೆ ಕೂಡಿಸಿದ್ದು ಎಂದು ಬೇರ್ಪಡಿಸಿ ನೋಡಿ. ರಿವೆಟ್ ಎಲ್ಲಿ, ಬೆಸುಗೆ ಎಲ್ಲಿ? ಖಾಲಿ ಉಳಿದ ತೂತುಗಳು ಯಾವುವು? ಚಾಸಿಯಲ್ಲಿ ಖಾಲಿ ತೂತು ಅಂದರೆ ಅಲ್ಲಿ ಏನೋ ಇತ್ತು, ಬಿಚ್ಚಿದ್ದಾರೆ. ಮಡ್‌ಗಾರ್ಡ್ ಇತ್ತೋ, ಸ್ಪ್ರಿಂಗ್ ಇತ್ತೋ ಎಂದು ಅದೇ ಮಾಡೆಲಿನ ರಸ್ತೆ ಗಾಡಿಯ ಚಿತ್ರ ಪಕ್ಕಕ್ಕಿಟ್ಟು ಹೋಲಿಸಿ.

ಶಿವಮೊಗ್ಗ–ತಾಳಗುಪ್ಪ, ಬಂಗಾರಪೇಟೆ–ಕೋಲಾರ ಮಾರ್ಗಗಳಲ್ಲಿ ಓಡಿದ ರೈಲ್ ಬಸ್ಸುಗಳನ್ನು ಹತ್ತಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವು ರೈಲಿಗೆಂದೇ ಕಟ್ಟಿದ ಗಾಡಿಗಳು, ಈ ಲಾರಿ ವಂಶದವಲ್ಲ. ಆದರೂ ಹತ್ತು ಜನರಿಗೆ ಇಡೀ ರೈಲು ಬೇಡ ಎಂಬ ಅದೇ ಲೆಕ್ಕ ಅಲ್ಲೂ ಇತ್ತು. ಅವುಗಳ ಇತಿಹಾಸ ಬರೆಯುವವರಿಗೂ ಇದೇ ಹಂತಗಳು ಕೆಲಸಕ್ಕೆ ಬರುತ್ತವೆ.

ಎಂಜಿನ್ ನಂಬರ್ ಸಿಕ್ಕರೆ ತಪ್ಪದೆ ಬರೆದುಕೊಳ್ಳಿ. ಮಾಡೆಲ್ ಟಿಯಲ್ಲಿ ಅದು ಎಂಜಿನ್ನಿನ ಎಡಬದಿಯಲ್ಲಿ, ನೀರು ಒಳಹೋಗುವ ಪೈಪಿಗಿಂತ ಸ್ವಲ್ಪ ಮೇಲ್ಗಡೆ ಕೊರೆದಿರುತ್ತದೆ. ಆ ನಂಬರಿನಿಂದ ಎಂಜಿನ್ ತಯಾರಾದ ಕಾಲ ಗೊತ್ತಾಗುತ್ತದೆ. ಗೊತ್ತಾಗುವುದು ಎಂಜಿನ್ನಿನ ಕಾಲ ಅಷ್ಟೇ, ಗಾಡಿಯದಲ್ಲ. ಮುಟ್ಟುವ ಮುಂಚೆ, ಮೇಲೆ ಹತ್ತುವ ಮುಂಚೆ ಮ್ಯೂಸಿಯಂನವರ ಅನುಮತಿ ಕೇಳಿ.

ಹಂತ 7: ಪ್ರತಿ ರೂಪಕ್ಕೂ ಒಂದು ಹಾಳೆ

ಸಿಕ್ಕಿದ್ದನ್ನೆಲ್ಲ ಒಂದೇ ಕಥೆಯಾಗಿ ಬರೆಯಲು ಆತುರ ಬೇಡ. ಗಾಡಿಯ ಪ್ರತಿ ರೂಪಕ್ಕೆ ಒಂದು ಹಾಳೆ ಮಾಡಿ. ಮೇಲೆ ನಂಬರ್, ಯಾವ ವರ್ಷದಿಂದ ಯಾವ ವರ್ಷ. ಕೆಳಗೆ ಚಾಸಿ, ಎಂಜಿನ್, ಮೈ, ಚಕ್ರ, ಬಣ್ಣ. ಪ್ರತಿ ಸಾಲಿನ ಪಕ್ಕ ಅದು ಎಲ್ಲಿಂದ ತಿಳಿಯಿತು ಎಂದು ಬರೆಯಿರಿ. ಆ ಕಾಲದ ಕಾಗದವೋ, ತಾರೀಕಿರುವ ಚಿತ್ರವೋ, ಮೂವತ್ತು ವರ್ಷದ ನಂತರದ ನೆನಪೋ? ಹಳೇ ನೌಕರರ, ಅವರ ಮಕ್ಕಳ ಮಾತು ತುಂಬಾ ಬೆಲೆಯುಳ್ಳದ್ದು. ಗಾಡಿ ಹೇಗೆ ಅಲುಗುತ್ತಿತ್ತು, ಚಳಿಗಾಲದಲ್ಲಿ ಹೇಗೆ ಸ್ಟಾರ್ಟ್ ಮಾಡುತ್ತಿದ್ದರು ಎಂಬುದು ಕಾಗದದಲ್ಲಿ ಇರುವುದಿಲ್ಲ. ವರ್ಷಗಳ ವಿಷಯದಲ್ಲಿ ಮಾತ್ರ ಕಾಗದವನ್ನೇ ಮೇಲೆ ಇಡಿ.

ಸಾಕ್ಷಿಗಳು ಜಗಳವಾಡಿದಾಗ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರಿಸುತ್ತಿದ್ದಾರೆಯೇ ಎಂದು ನೋಡಿ. ಗೂಸ್‌ಗಳು ಏಳು ಎನ್ನುವವರಿದ್ದಾರೆ, ಎಂಟು ಎನ್ನುವವರೂ ಇದ್ದಾರೆ. ಇಬ್ಬರೂ ಸರಿ. ರಿಯೊ ಗ್ರಾಂಡೆ ಸದರ್ನ್‌ಗೆ ಏಳು. ಲೇಕ್ ಸಿಟಿ ಕಡೆಯ ಸ್ಯಾನ್ ಕ್ರಿಸ್ಟೋಬಲ್ ಎಂಬ ಪುಟ್ಟ ರೈಲ್ವೆಗೆಂದು ರಿಡ್ಜ್‌ವೇಯಲ್ಲಿ ಇನ್ನೊಂದು ಕಟ್ಟಿದರು, ಅದನ್ನೂ ಸೇರಿಸಿದರೆ ಎಂಟು. ಬಿಚ್ಚಿದ ಗಾಡಿಯ ಭಾಗಗಳು ಮುಂದಿನ ಗಾಡಿಗೆ ಹೋಗುತ್ತಿದ್ದವು ಎಂಬುದೂ ನೆನಪಿರಲಿ. ಹಾಗಾಗಿ ಹಾಳೆಯ ಕೊನೆಯಲ್ಲಿ "ಭಾಗಗಳು ಎಲ್ಲಿಗೆ ಹೋದವು" ಎಂಬ ಸಾಲು ಇರಲೇಬೇಕು.

ಗೂಸ್ 2, 6, 7 ಅಮೆರಿಕದ ಐತಿಹಾಸಿಕ ಸ್ವತ್ತುಗಳ ಸರಕಾರಿ ಪಟ್ಟಿಯಾದ ನ್ಯಾಷನಲ್ ರಿಜಿಸ್ಟರ್‌ನಲ್ಲಿ ಸೇರಿವೆ. ಅದಕ್ಕೆ ಸೇರಿಸಲು ಹಾಕಿದ ಅರ್ಜಿಗಳಲ್ಲಿ ಗಾಡಿಯ ವಿವರಣೆ, ಬದಲಾವಣೆಗಳ ಪಟ್ಟಿ ಇರುತ್ತವೆ. ನಿಮ್ಮ ಹಾಳೆ ತುಂಬಿದ ಮೇಲೆ ಅವನ್ನು ತೆಗೆದು ಹೋಲಿಸಿ, ಮುಂಚೆ ಅಲ್ಲ. ಮೊದಲೇ ಓದಿದರೆ ಕಣ್ಣು ಅವರು ಕಂಡದ್ದನ್ನೇ ಕಾಣುತ್ತದೆ.

ಹಂತ 8: ಫೈಲುಗಳನ್ನು ಜೋಡಿಸಿ, ಹಂಚಿ

ಪ್ರತಿ ಸ್ಕ್ಯಾನ್‌ಗೂ ಒಂದೇ ಕ್ರಮದಲ್ಲಿ ಹೆಸರಿಡಿ: ಮಾರ್ಗ, ನಂಬರ್, ವರ್ಷ, ಸಿಕ್ಕ ಜಾಗ. ಮೂಲ ಫೈಲನ್ನು ತಿದ್ದಬೇಡಿ, ತಿದ್ದುವುದಾದರೆ ನಕಲನ್ನು ತಿದ್ದಿ. ಚಿತ್ರ ಪ್ರಕಟಿಸುವ ಮುಂಚೆ ಲೈಬ್ರರಿಯ ನಿಯಮ ಓದಿ, ಅವರು ಹೇಳಿದ ರೀತಿಯಲ್ಲೇ ಹೆಸರು ಹಾಕಿ. ಬರಹ ಕನ್ನಡದಲ್ಲಿದ್ದರೂ ಹಾಳೆಗಳ ಒಂದು ಇಂಗ್ಲಿಷ್ ಪ್ರತಿ ಮಾಡಿ, ಸಹಾಯ ಮಾಡಿದ ಮ್ಯೂಸಿಯಂಗೆ ಕಳಿಸಿ. ಅಡಿಬರಹ ತಪ್ಪಿದೆ ಎಂದು ಗೊತ್ತಾದರೆ ಕಾರಣ ಸಮೇತ ಬರೆಯಿರಿ: ಯಾವ ಕಿಟಕಿ, ಯಾವ ಬಾನೆಟ್, ಯಾವ ತಾರೀಕಿನ ಚಿತ್ರದ ಜೊತೆ ಹೋಲಿಸಿದ್ದು. ಅಷ್ಟು ವಿವರ ಇದ್ದರೆ ಅವರು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳಬಹುದು, ಮುಂದೆ ಹುಡುಕುವವರಿಗೆ ಸರಿಯಾದ ತಾರೀಕೇ ಸಿಗುತ್ತದೆ.